ತೂಬಿನ ಗುಂಡಿಯ ಹಾವುಮೀನು

ದೆವ್ವವನ್ನು ನಂಬಬೇಡಿರೆಂದು ಶಾಲೆಯ ಮಕ್ಕಳಿಗೆ ಹೇಳಿ ಹೇಳಿ ದಣಿದವನು ನಾನು. ಆದರೂ ನಲವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ದೇವರಾಯಸಮುದ್ರದ ಕೆರೆಯಲ್ಲಿ ಕಂಡದ್ದನ್ನು ಕಂಡಂತೆಯೇ ಹೇಳಬೇಕು.

ಕೆರೆ ಬತ್ತಿದಾಗ ಊರೆಲ್ಲ ಮೀನು ಹಿಡಿದರೂ, ತೂಬಿನ ಬಾಯಿಯ ಗುಂಡಿಯನ್ನು ಮುಂದಿನ ಮಳೆಗೆ ಮೀನಿನ ಬೀಜವೆಂದು ಮುಟ್ಟದೆ ಬಿಡುವುದು ವಾಡಿಕೆ. ಆ ವರ್ಷ ಪಟೇಲ ಚನ್ನರಾಯಪ್ಪನವರಿಗೆ ಅದರ ತಳದ ಹಾವುಮೀನೂ ಬೇಕಾಯಿತು. ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರಗಂಟಿ ಮುನಿಶಾಮಿಯನ್ನು ಇಳಿಯೆಂದರು. ಇದು ಅನ್ಯಾಯವೆಂದೆ.

"ಪಾಠ ಇಸ್ಕೂಲಲ್ಲಿ ಮಾಡಿ ಮೇಷ್ಟ್ರೇ, ಇಲ್ಲಿ ಸಾರು ಮಾಡೋದು," ಎಂದು ನಕ್ಕರು.

"ಇಳೀಬ್ಯಾಡ, ಬಾರಯ್ಯ ಮೇಲಕ್ಕೆ!" ಎಂದು ಮುನಿಶಾಮಿಯ ಹೆಂಡತಿ ಕದಿರಮ್ಮ ಅವನು ಮುಳುಗುವವರೆಗೂ ಕೂಗುತ್ತಲೇ ಇದ್ದಳು.

ನೆತ್ತಿ ಸುಡುವ ಮಧ್ಯಾಹ್ನ. ಮುನಿಶಾಮಿ ತೋಳುದ್ದದ ಮೀನೊಂದನ್ನು ಹಿಡಿದು, ಚಳಿಗೆ ಹಲ್ಲು ಕಟಕಟಿಸುತ್ತ ಮೇಲೆ ಬಂದ. ಏರಿಯ ಕಾದ ಕಲ್ಲಿನ ಮೇಲಿಟ್ಟರೂ ಮೀನು ಒಣಗಲಿಲ್ಲ. ಹತ್ತಿರ ಬಂದ ಕಾಗೆಗಳು ಹಿಂದೆ ಸರಿದವು. ಮುಟ್ಟಿ ನೋಡಿದ ನನ್ನ ಬೆರಳಿಗೆ ಮಂಜುಗಡ್ಡೆ ಮುಟ್ಟಿದಂತೆ ಜೋಮು ಹಿಡಿಯಿತು.

"ಇನ್ನೊಂದು ಹಿಡಿಯೋ," ಎಂದರು ಪಟೇಲರು.

"ನಾನೆಲ್ಲಿ ಹಿಡಿದೆ ಸ್ವಾಮಿ? ಕೆಳಗ್ಯಾರೋ ಕೈಗೆ ಕೊಟ್ರು."

ಪಟೇಲರ ಮನೆಯ ಒಲೆಯ ಮೇಲೆ ಆ ಸಾರು ಸಂಜೆಯಾದರೂ ಕಾಯಲಿಲ್ಲವಂತೆ. ಅದನ್ನು ನಾನು ಕಾಣಲಿಲ್ಲ. ಮುನಿಶಾಮಿಯನ್ನು ಮಾತ್ರ ದಿನವೂ ಕಾಣುತ್ತೇನೆ. ಕದಿರಮ್ಮ ಅವನ ಕೈಯನ್ನು ಕೆಂಡದ ಮೇಲೆ ಹಿಡಿದು ಕೂತಿರುತ್ತಾಳೆ. ಅಂಗೈಯಿಂದ ತಣ್ಣೀರು ತೊಟ್ಟಿಕ್ಕುವುದು ಇಂದಿಗೂ ನಿಂತಿಲ್ಲ.