ಇಪ್ಪತ್ತಮೂರನೆಯ ತಲೆ

"ಇಪ್ಪತ್ತಮೂರು."

ಬೆರಳು ಗಾಳಿಯಲ್ಲೇ ನಿಂತಿತು. ಶಾಲೆಯಿಂದ ನಾನು ಕರೆತಂದದ್ದು ಇಪ್ಪತ್ತೆರಡು ಮಕ್ಕಳನ್ನು. ಒಂದು ಕಡಿಮೆಯಾಗಿದ್ದರೆ ಕಿರುಚಿಕೊಳ್ಳಬಹುದಿತ್ತು. ಹೆಚ್ಚಾದರೆ ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ.

"ಮಿಸ್, ಕಾಡುಮಾಮನ್ನೂ ಎಣಿಸಿಬಿಟ್ರಿ!" ಎಂದು ಕುಣಿದಳು ಪ್ರಶ್ನೆಪೆಟ್ಟಿಗೆ. ಬಾಯಿ ಮುಚ್ಚದ ಆ ಹುಡುಗಿಗೆ ತರಗತಿಯೇ ಇಟ್ಟ ಹೆಸರದು.

ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತು ಇರುವೆಸಾಲು ತೋರಿಸುತ್ತಿದ್ದವನು ಎದ್ದ. ಮೊಣಕಾಲಿಗೆ ಮಣ್ಣು, ಕೂದಲಲ್ಲಿ ಒಂದು ಒಣ ಎಲೆ. ನಗರದ ಮಕ್ಕಳಿಗೆ ಕಾಡಿನ ಪಾಠ ಹೇಳುವವನು ಇವನೇ.

"ಇರ್ಲಿ ಬಿಡಿ ಮಿಸ್. ನನ್ನನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ನೀವಾದ್ರೂ ತಗೊಂಡ್ರಲ್ಲ."

ನನ್ನ ಕಿವಿ ಬಿಸಿಯಾಯಿತು.

ಆರು ಶುಕ್ರವಾರಗಳ ಪಾಠ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಾನು ತಲೆ ಎಣಿಸುತ್ತಿದ್ದೆ. ಅವನು ಜೇಡರ ಬಲೆಯ ಹನಿಗಳನ್ನು ತೋರಿಸುವಾಗಲೂ, ಮರಕುಟಿಗದ ಸದ್ದಿಗೆ ಎಲ್ಲರೂ ಉಸಿರು ಹಿಡಿದಾಗಲೂ ನನ್ನ ತುಟಿ ಅಲುಗುತ್ತಲೇ ಇರುತ್ತಿತ್ತು.

"ನಾಲ್ಕು ವಾರದಲ್ಲಿ ನೀವು ಕಾಡಲ್ಲಿ ಏನು ನೋಡಿದ್ರಿ?" ಎಂದು ಒಮ್ಮೆ ಕೇಳಿದ.

"ತಲೆಗಳು."

ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಚೂರು ಮೊದಲೇ ಮುಚ್ಚುತ್ತದೆ. ನಿಜ ಹೇಳಬೇಕೆಂದರೆ, ಅದನ್ನೂ ನೋಡಿದ್ದೆ.

ಐದನೆಯ ವಾರ ಬಸ್ಸು ಹತ್ತುವಾಗ ಅವನು ಸುಮ್ಮನೆ ಹೇಳಿದಂತೆ ಹೇಳಿದ: "ದೂರದ ಇನ್ನೊಂದು ಕಾಡಿಗೆ ಕರೀತಿದ್ದಾರೆ. ಕೊನೇ ಪಾಠ ಮುಗಿದ ಮೇಲಿನ ಸೋಮವಾರದೊಳಗೆ ಉತ್ತರ ಕೊಡ್ಬೇಕು."

"ಅಭಿನಂದನೆಗಳು," ಎಂದೆ. ಬಹುಮಾನ ಕೊಡುವ ಮುಖ್ಯೋಪಾಧ್ಯಾಯಿನಿಯ ಹಾಗೆ! ದಾರಿಯುದ್ದಕ್ಕೂ ಕಿಟಕಿಗೆ ಹಣೆ ಒತ್ತಿಕೊಂಡು ನನ್ನನ್ನೇ ಬೈದುಕೊಂಡೆ.

ಕೊನೆಯ ಶುಕ್ರವಾರ. ಬಯಲಿನ ಅಂಚಿನಲ್ಲಿ ಅವನು ತಟ್ಟನೆ ಕೈಯೆತ್ತಿದ. ಎಲ್ಲರೂ ನಿಂತೆವು.

"ನಾಲ್ಕು ಹೆಜ್ಜೆ ಮುಂದೆ ಯಾರೋ ಕೂತಿದ್ದಾರೆ," ಪಿಸುಗುಟ್ಟಿದ. "ಯಾರಿಗೆ ಕಾಣ್ತಾರೆ?"

ಒಣ ಎಲೆಗಳು. ಬರೀ ಒಣ ಎಲೆಗಳು.

"ಸುಳ್ಳು ಹೇಳ್ಬೇಡಿ ಮಾಮ," ಎಂದಳು ಪ್ರಶ್ನೆಪೆಟ್ಟಿಗೆ.

ಅವನು ನನ್ನತ್ತ ತಿರುಗಿದ. "ಎಣಿಸಿ ಮಿಸ್."

"ಏನನ್ನ?"

"ಎಲೆಗಳನ್ನ. ತಲೆ ಎಣಿಸ್ತೀರಲ್ಲ, ಹಾಗೇ. ಒಂದನ್ನೂ ಬಿಡದೆ."

ಎಣಿಸತೊಡಗಿದೆ. ಒಂದು, ಎರಡು, ಸೀಳಿದ್ದು, ಸುರುಟಿದ್ದು... ಹದಿನೇಳನೆಯ ಎಲೆ ಉಸಿರಾಡಿತು.

ಎಲೆಯಲ್ಲ. ಹಕ್ಕಿ. ಕಂದು, ಬೂದು, ಹೊಗೆಯ ಬಣ್ಣದ ಗೆರೆಗಳೆಲ್ಲ ಸೇರಿ ರೆಕ್ಕೆಯಾದವು. ಕೂದಲೆಳೆಯಷ್ಟು ತೆರೆದ ಕಣ್ಣು ನನ್ನನ್ನೇ ನೋಡುತ್ತಿತ್ತು. ಅದರ ಎದೆಯಡಿ ಧೂಳಿನ ಎರಡು ಉಂಡೆಗಳು ಮಿಸುಕಿದವು. ಮರಿಗಳು!

"ನತ್ತಿಂಗ," ಎಂದ ಅವನು, ನನ್ನ ಕಿವಿಯ ಹತ್ತಿರ. "ಗೂಡು ಕಟ್ಟಲ್ಲ. ನೆಲಾನೇ ನಂಬ್ಕೊಂಡು ಕೂತಿರುತ್ತೆ."

ನಾನು ಬೆರಳು ಚಾಚಿದೆ. ಒಬ್ಬೊಬ್ಬರಾಗಿ ಮಕ್ಕಳಿಗೂ ಕಂಡಿತು. ಪ್ರಶ್ನೆಪೆಟ್ಟಿಗೆಯ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಇರಲಿಲ್ಲ. ಇಷ್ಟು ವಾರ ನಾವು ಇಂಥ ಎಷ್ಟು ಕಣ್ಣುಗಳ ಮುಂದೆ ಗಲಾಟೆ ಮಾಡಿಕೊಂಡು ಹೋಗಿದ್ದೆವೋ! ಸುತ್ತಲಿನ ನೆಲವೆಲ್ಲ ಜೀವಂತವಾಗಿ ಕಂಡು ಕಾಲೂರಲು ಭಯವಾಯಿತು.

ಬಂದ ಹೆಜ್ಜೆಯಲ್ಲೇ ಮೆಲ್ಲನೆ ಹಿಂದೆ ಸರಿದೆವು. ಬಸ್ಸಿನ ಬಳಿ ಬಂದಾಗಲೇ ನೆನಪಾಯಿತು. ಅರ್ಧ ಗಂಟೆಯಿಂದ ನಾನು ತಲೆ ಎಣಿಸಿರಲಿಲ್ಲ!

ಬೆರಳು ಚಾಚಿ ಎಣಿಸಿದೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಎಲ್ಲರೂ ಇದ್ದರು. ಬೆರಳು ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವನತ್ತ ಹೋಯಿತು.

"ಇಪ್ಪತ್ತಮೂರು."

"ಮತ್ತೆ ತಪ್ಪಿದ್ರಿ," ಎಂದ ಅವನು, ಮೆಲ್ಲಗೆ.

"ಇಲ್ಲ." ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಈ ಸಲ ಬೇಕಂತಲೇ ಎಣಿಸಿದೆ. ಹೋದ ವಾರ ಅಭಿನಂದನೆ ಅಂದೆನಲ್ಲ, ಅದೇ ತಪ್ಪು. ಹೋಗ್ಬೇಡಿ ಅನ್ನೋ ಹಕ್ಕು ನಂಗಿದೆಯೋ ಇಲ್ವೋ ಗೊತ್ತಿಲ್ಲ. ಆದ್ರೆ ನೀವು ಹೋದ್ರೆ ನಂಗೆ ಪ್ರತಿದಿನ ಒಂದು ಕಡಿಮೆ."

ಅವನು ನನ್ನನ್ನು ನೋಡಿದ, ಹಾರಿಹೋಗಬಹುದಾದ ಏನನ್ನೋ ನೋಡುವ ಹಾಗೆ.

"ಸೋಮವಾರದವರೆಗೆ ಯಾಕೆ ಕಾಯ್ಲಿ," ಎಂದ. "ಬರಲ್ಲ ಅಂತ ಅವ್ರಿಗೆ ಇವತ್ತೇ ಹೇಳ್ತೀನಿ. ಒಂದು ವಾರದಿಂದ ನಿಮ್ಮ ಮಾತಿಗೇ ಕಾದಿದ್ದೆ."

"ಮಿಸ್!" ಪ್ರಶ್ನೆಪೆಟ್ಟಿಗೆಗೆ ದನಿ ವಾಪಸು ಬಂದಿತ್ತು. "ನೀವು ನಿಮ್ಮನ್ನ ಎಣಿಸ್ಕೊಳ್ಳೋದೇ ಇಲ್ವಲ್ಲ ಯಾಕೆ?"

ಅವನು ಮಣ್ಣಾದ ಬೆರಳನ್ನು ನಿಧಾನಕ್ಕೆ ನನ್ನೆಡೆಗೆ ಚಾಚಿದ. ಎಡಗಣ್ಣು ಚೂರು ಮೊದಲೇ ಮುಚ್ಚಿತು.

"ಇಪ್ಪತ್ತನಾಲ್ಕು."