ಸಹಿ ಇದ್ದ ಸುಳ್ಳು

ಎರಡನೇ ಕಲ್ಲು ನನ್ನ ಕಿವಿಯ ಪಕ್ಕದಲ್ಲೇ ಹಾದು ವ್ಯಾನಿನ ಗಾಜಿಗೆ ಬಿತ್ತು.

ಮೊದಲನೆಯದು ಆಗಲೇ ಗಾಜನ್ನು ಸೀಳಿತ್ತು. ಒಳಗೆ ಸ್ಟಿಯರಿಂಗ್ ಹಿಡಿದು ಕುಗ್ಗಿ ಕೂತಿದ್ದವನು ವಿಲಿಯಾಮು. ಐಸ್ ಮಾರುವವನು. ಬೆಳಗಿನ ಹಡಗಿನಲ್ಲಿ ವ್ಯಾನ್ ಸಮೇತ ನಮ್ಮ ಸವಾಯಿ ದ್ವೀಪಕ್ಕೆ ಬಂದಿದ್ದ. ಚರ್ಚಿನ ಮುಂದೆ ಗಾಡಿ ನಿಲ್ಲಿಸಿ, ಅಳುತ್ತಿದ್ದ ಮಗುವೊಂದಕ್ಕೆ ಪುಕ್ಕಟೆ ಐಸ್ ಕೊಟ್ಟ. ಅವನು ಮಾಡಿದ ಅಪರಾಧ ಅಷ್ಟೇ.

ಈಗ ಸುತ್ತ ಮೂವತ್ತು ಗಂಡಸರು. ಆರೇಳು ಮಚ್ಚು.

ನಾನು ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಪೊಲೀಸ್ ಕೆಲಸದಿಂದ ರಿಟೈರ್ ಆಗಿ ಒಂದು ವರ್ಷ. ಮೊಣಕಾಲು ನೋವು. ಇಂಥದ್ದಕ್ಕೆಲ್ಲ ನನ್ನಲ್ಲಿ ಕಸುವು ಉಳಿದಿಲ್ಲ... ಆದರೆ ಠಾಣೆಯಿಂದ ಜೀಪು ಬರಲು ಒಂದೂವರೆ ಗಂಟೆ ಬೇಕು.

"ಪಕ್ಕಕ್ಕೆ ಬನ್ನಿ ಸಾರ್ಜೆಂಟಣ್ಣ," ಅಂದ ಲೌತಾಫಿ. ಆ ಮಗುವಿನ ಅಪ್ಪ. ದೊಡ್ಡ ಮಚ್ಚು ಇದ್ದದ್ದು ಅವನ ಕೈಯಲ್ಲೇ.

"ಏನು ಮಾಡಿದಾನೋ ಅವನು?"

"ಮಕ್ಕಳನ್ನ ಕದ್ದು ಕಿಡ್ನಿ ತೆಗೀತಾನೆ. ಬಿಳಿ ವ್ಯಾನು, ಪುಕ್ಕಟೆ ಐಸು. ಎಲ್ಲಾ ಇಮೇಲಲ್ಲಿದೆ."

ಜೇಬಿನಿಂದ ಮಡಿಸಿದ ಕಾಗದ ತೆಗೆದ. ಆಕ್ಲೆಂಡಿನಿಂದ ಅವನ ನಾದಿನಿ ಕಳಿಸಿದ್ದಂತೆ. ಶಾಲೆಯ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆಸಿ ಊರಿಗೆಲ್ಲ ಹಂಚಿದ್ದರು.

ಎರಡು ಸಾಲು ಓದಿದೆ. ಸಾಕಾಯಿತು. ನಿಮಗೂ ಬಂದಿರುತ್ತದೆ ಇಂಥದ್ದು. ನಾನಂತೂ ನೌಕರಿಯಲ್ಲಿ ನೂರು ನೋಡಿದ್ದೆ.

ಊರಿನ ಯಜಮಾನ ಮುಲಿಪೋಲ ಕಡೆ ತಿರುಗಿದೆ. ಅವನು ಒಂದು ಮಾತು ಹೇಳಿದರೆ ಎಲ್ಲ ಮಚ್ಚೂ ಇಳಿಯುತ್ತವೆ.

"ಯಜಮಾನ್ರೆ, ಇದು ಶುದ್ಧ ಸುಳ್ಳು. ಇದರಲ್ಲಿ ಹೇಳಿರೋ ಮಗು ಯಾವ ಊರಲ್ಲಿ ಕಳೀತು ಅಂತ ಬರೆದಿದೆಯಾ?"

"ಇಲ್ಲ."

"ತಾರೀಖು?"

"ಕಳೆದ ವಾರ ಅಂತಿದೆ."

"ಯಾವಾಗ ಓದಿದ್ರೂ ಕಳೆದ ವಾರವೇ. ಇಲ್ಲಿ ಕೇಳಿ... 'ಹತ್ತು ಜನಕ್ಕೆ ಕಳಿಸಿ. ಕಳಿಸದಿದ್ರೆ ಆ ಮಗುವಿನ ರಕ್ತ ನಿಮ್ಮ ತಲೆ ಮೇಲೆ.' ನಿಜ ಹೇಳೋನು ಹಿಂಗೆ ಹೆದರಿಸ್ತಾನಾ?"

ಮುಲಿಪೋಲ ಗಡ್ಡ ಕೆರೆದುಕೊಂಡ. ಒಂದೆರಡು ಮಚ್ಚು ಇಳಿದವು. ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು.

"ಇನ್ನೊಂದು," ಅಂದೆ. "ಪೊಲೀಸರು ಹೇಳಿದ್ದಾರೆ ಅಂತಿದೆ. ಯಾವ ಪೊಲೀಸು? ಹೆಸರು ಬೇಡವಾ?"

"ಇದೆಯಲ್ಲಣ್ಣ," ಅಂದ ಲೌತಾಫಿ. "ಹಾಳೆ ತಿರುಗಿಸಿ."

ತಿರುಗಿಸಿದೆ.

ಸಾರ್ಜೆಂಟ್ ತುಯಿಲೋಮ. ಕೆಳಗೆ ಠಾಣೆಯ ಫೋನ್ ನಂಬರು.

ತುಯಿಲೋಮ ಅಂದರೆ ನಾನೇ.

ಎರಡು ವರ್ಷದ ಹಿಂದೆ, ಠಾಣೆಯಲ್ಲಿ ಒಂದು ಮಧ್ಯಾಹ್ನ... ಇದೇ ಮೇಲ್ ಬಂದಿತ್ತು. ಅರ್ಧಂಬರ್ಧ ಓದಿ, ಇದ್ದರೂ ಇರಬಹುದು ಎಂದು ಆಕ್ಲೆಂಡಿನಲ್ಲಿದ್ದ ತಂಗಿಗೆ ಕಳಿಸಿದ್ದೆ. ಅವಳೊಬ್ಬಳಿಗೇ. ಅವಳದು ಎರಡು ಪುಟ್ಟ ಮಕ್ಕಳ ಮನೆ. ಠಾಣೆಯ ಕಂಪ್ಯೂಟರು ಹೋಗುವ ಪ್ರತಿ ಮೇಲಿಗೂ ನನ್ನ ಹೆಸರು, ಹುದ್ದೆ ತಾನೇ ಅಂಟಿಸುತ್ತಿತ್ತು. ತಂಗಿಯಿಂದ ಅವಳ ಚರ್ಚಿಗೆ, ಚರ್ಚಿನಿಂದ ಮನೆಮನೆಗೆ...

ಹಳ್ಳ ತೋಡಿದ್ದು ನಾನು. ಬಿದ್ದವನು ಐಸ್ ಮಾರುವವನು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ.

"ಸರಿಯಾಗಿ ಓದದೇ ಕಳಿಸಿದ್ದೆ ಕಣೋ. ತಪ್ಪು ನಂದು."

"ಅವನನ್ನ ಉಳಿಸೋಕೆ ಈಗ ಹಿಂಗಂತೀರಿ," ಅಂದ ಲೌತಾಫಿ. "ಅವತ್ತು ಪೊಲೀಸಾಗಿ ಬರೆದಿದ್ದು ನಂಬೋದಾ, ಇವತ್ತು ಮುದುಕರಾಗಿ ಹೇಳಿದ್ದು ನಂಬೋದಾ?"

ಮೂರನೇ ಕಲ್ಲು ನನ್ನ ಭುಜಕ್ಕೇ ಬಿತ್ತು.

ಗುಂಪಿನ ಹಿಂದೆ ನನ್ನ ಹೆಂಡತಿ ಲೂಪೆ ನಿಂತಿದ್ದಳು.

"ಪೆಟ್ಟಿಗೇಲಿರೋ ಚಾಪೆ ತಗೊಂಡು ಬಾ," ಅಂದೆ.

"ಮಗಳ ಮದುವೆಗೆ ಇಟ್ಟಿರೋದು ಅದು."

"ಗೊತ್ತು. ತಗೊಂಡು ಬಾ."

ಮನೆ ಚರ್ಚಿನ ಎದುರಿಗೇ. ತಂದಳು. ಕೇದಗೆ ಗರಿ ಸೀಳಿದ ಎಳೆಯಲ್ಲಿ ಅವಳು ಎರಡು ವರ್ಷ ಹೆಣೆದ ಚಾಪೆ, ಬಟ್ಟೆಯಷ್ಟು ನಯ. ನಮ್ಮಲ್ಲಿ ಕೊಲೆ ಮಾಡಿದವನ ಕಡೆಯವರು ಸತ್ತವನ ಮನೆ ಮುಂದೆ ಇಂಥ ಚಾಪೆ ಹೊದ್ದು ಮಂಡಿಯೂರುತ್ತಾರೆ. ಮನೆಯವರು ಚಾಪೆ ಎತ್ತಿದರೆ ಕ್ಷಮೆ. ಎತ್ತದೆ ಕಡಿದು ಹಾಕಿದ್ದೂ ಉಂಟು. ತಪ್ಪು ಮಾಡದವನು ಅದರಡಿ ಕೂರುವುದಿಲ್ಲ. ಇದು ಊರಿನ ಕೂಸಿಗೂ ಗೊತ್ತು.

ವ್ಯಾನಿನ ಬಾಗಿಲ ಮುಂದೆ ಮಂಡಿಯೂರಿ ಚಾಪೆಯನ್ನು ತಲೆಯ ಮೇಲೆ ಎಳೆದುಕೊಂಡೆ.

ವ್ಯಾನಿನ ಹಿಂದೆ ಐಸ್ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಒಂದು ಮಚ್ಚು ನೆಲಕ್ಕೆ ಬಿದ್ದ ಸದ್ದು. ಇನ್ನೊಂದು.

"ಎಲ್ಲರೂ ಕೂತ್ಕೊಳ್ರೋ," ಅಂದ ಮುಲಿಪೋಲ.

ಎಷ್ಟು ಹೊತ್ತು ಕಳೆಯಿತೋ ಗೊತ್ತಿಲ್ಲ. ಮೊಣಕಾಲಿಗೆ ಮಾತ್ರ ಗೊತ್ತು. ಕೊನೆಗೆ ಬಾಗಿಲು ತೆರೆಯಿತು. ವಿಲಿಯಾಮು ಚಾಪೆ ಎತ್ತಿದ.

"ಎಷ್ಟು ಜನಕ್ಕೆ ಕಳಿಸಿದ್ರಿ?"

"ಒಬ್ಬಳಿಗೆ."

"ಈಗ ಎಷ್ಟು ಜನದ ಹತ್ರ ಇದೆ?"

"ಗೊತ್ತಿಲ್ಲಪ್ಪ."

"ನಾನಿನ್ನೂ ಹನ್ನೊಂದು ಊರಿಗೆ ಹೋಗ್ಬೇಕು," ಅಂದ. "ಹತ್ತಿ."

ಹತ್ತಿ ಅವನ ಪಕ್ಕ ಕೂತೆ. ಪದ್ಧತಿಯ ಪ್ರಕಾರ ಚಾಪೆ ಈಗ ಅವನದು. ಆದರೂ ಮಡಿಸಿ ನನ್ನ ತೊಡೆಯ ಮೇಲೇ ಇಟ್ಟ.

"ಇಟ್ಕೊಂಡಿರಿ. ಬೇಕಾಗುತ್ತೆ."

ಮುಂದಿನ ಊರು ಎಂಟು ಮೈಲಿ. ನನ್ನ ಸಹಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.