ದಿಂಡು ಕಳೆದ ತೂಕ

“ಯಾರ್ರೀ ಅದು, ಕಾಟಾದ ಮ್ಯಾಲ?”

ಸೌಂದರ್ಯಾಳ ಎದೆ ಧಸಕ್ಕೆಂದಿತು!

ಊರ ನಡುವಿನ ‘ಅಪ್ಪನ ಕೆರೆ’ ಸುತ್ತಿ ವಾಕಿಂಗ್ ಮುಗಿಸಿ ಬರುತ್ತಿದ್ದವಳು, ಬಾಳೆಹಣ್ಣಿನ ಸಗಟು ಅಂಗಡಿಯಲ್ಲಿ ಯಾರೂ ಇಲ್ಲವೆಂದು ಗೊನೆ ತೂಗುವ ಕಾಟಾ ಹತ್ತಿಬಿಟ್ಟಿದ್ದಳು. ಹತ್ತಿದ ಮೇಲೆ ಗೊತ್ತಾಯಿತು, ಅದು ಗುಂಡು ಸರಿಸಿ ನೋಡುವ ಹಳೆಯ ಕಾಟಾ. ಮೇಲೆ ನಿಂತವರ ಕೈಗೆ ಗುಂಡು ಎಟುಕುವುದಿಲ್ಲ. ಇಳಿಯುವಷ್ಟರಲ್ಲಿ ಅಂಗಡಿಯವನೇ ಬಂದಿದ್ದ.

ನಕ್ಕೇಬಿಡುತ್ತಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಅವನು ನಗಲಿಲ್ಲ. ಗುಂಡು ಸರಿಸಿ, “ಎಂಬತ್ತೆರಡು” ಅಂದ, ಅಷ್ಟೇ.

ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದೂ ಅಷ್ಟೇ. ಹಿಂದಿನ ತಿಂಗಳು ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಅವಳ ಕೈಯ ಮಂಡಕ್ಕಿ ಸುಸಲಾ ಹೊಟ್ಟೆ ತುಂಬ ತಿಂದು, ಅಡುಗೆ ಭೇಷಾಗಿದೆ, ಹುಡುಗಿಯೇ ಸ್ವಲ್ಪ ಜಾಸ್ತಿಯಾದಳು ಎಂದು ಹೇಳಿ ಕಳಿಸಿದ್ದರು. ಮೊದಲು ಮೈ ಇಳಿಸು, ಆಮೇಲೆ ಮುಂದಿನ ಮಾತು ಎಂದು ಸೋದರತ್ತೆ ಗಾಯದ ಮೇಲೆ ಉಪ್ಪು ಸವರಿದ್ದಳು.

ಅಂಗಡಿಯವನ ಹೆಸರು ಶಿವಲಿಂಗ. ಕಮಲಾಪುರದಲ್ಲಿ ಅವರದೇ ಕೆಂಬಾಳೆ ತೋಟ. ಅಂದಿನಿಂದ ಪ್ರತಿ ಸೋಮವಾರ ಅವಳು ಕಣ್ಣು ಮುಚ್ಚಿ ನಿಲ್ಲುವುದು, ಅವನು ತೂಕ ಹೇಳುವುದು ರೂಢಿಯಾಯಿತು.

ತೂಕ ಇಳಿದಂತೆಲ್ಲ ಅವಳು ತನಗೆ ತಾನೇ ಇನಾಮು ಕೊಟ್ಟುಕೊಳ್ಳುತ್ತಿದ್ದಳು. ಒಮ್ಮೆ ದರ್ಗಾ ಹತ್ತಿರದ ನಜ್ಮಾಳ ಅಂಗಡಿಯ ಹಸಿರು ಬಳೆ, ಇನ್ನೊಮ್ಮೆ ವಾಕಿಂಗ್ ಬೂಟು. ತಿನ್ನುವುದು ಮಾತ್ರ ಇಲ್ಲ. ಅವನು ಕೆಂಬಾಳೆ ಹಣ್ಣು ಕೈಗಿಟ್ಟರೂ ತಲೆ ಅಲ್ಲಾಡಿಸುತ್ತಿದ್ದಳು.

“ಎಪ್ಪತ್ತಕ್ಕ ಬಂದ ದಿನ ತಿಂತೀನ್ರಿ. ಅವತ್ತು ನನಗ ನಾನೇ ಕೊಟ್ಕೊಳ್ಳೋ ದೊಡ್ಡ ಇನಾಮು ಒಂದದ.”

ಆ ದೊಡ್ಡ ಇನಾಮು ಏನೆಂದು ಅವಳು ಹೇಳಿರಲಿಲ್ಲ. ಅವನಿಗೆ ತನ್ನ ಮನಸ್ಸು ಹೇಳುವುದೇ ಆ ಇನಾಮು! ಎಪ್ಪತ್ತು ಆಗುವ ತನಕ ಬಾಯಿ ಬಿಡಬಾರದು... ಬಿಟ್ಟರೆ ಇವನೂ ‘ಜಾಸ್ತಿಯಾದಳು’ ಅಂದರೆ?

ಕೊನೆಗೊಂದು ಸೋಮವಾರ ಅವನು “ಎಪ್ಪತ್ತು” ಅಂದ. ಅವನ ದನಿಯಲ್ಲಿ ಖುಷಿಯೇ ಇರಲಿಲ್ಲ. ನಾಳೆ ಬಂದು ಮಾತಾಡುತ್ತೇನೆ ಎಂದವಳೇ ಓಡಿದಳು.

ಅಂದೇ ಮಧ್ಯಾಹ್ನ, ಅವಳು ಲೈಬ್ರರಿ ನೋಡಿಕೊಳ್ಳುವ ಕಾಲೇಜಿನಲ್ಲಿ ಆರೋಗ್ಯ ತಪಾಸಣೆ. ನರ್ಸಮ್ಮನ ಮಷಿನ್ ಎಪ್ಪತ್ತೆರಡು ತೋರಿಸಿತು. ಇಳಿದು ಮತ್ತೆ ಹತ್ತಿದಳು. ಅದೇ ಎಪ್ಪತ್ತೆರಡು.

ಅಂದರೆ... ಪಾಪ ಅನ್ನಿಸಿ ಸುಳ್ಳು ಹೇಳಿದ್ದಾನೆ!

ಮರುದಿನ ಅವಳು ಅಂಗಡಿಗೆ ಹೋಗಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಹಸಿರು ಬಳೆ ತೆಗೆದಿಟ್ಟಳು, ಮತ್ತೆ ತೊಟ್ಟಳು. ನಕ್ಕವರನ್ನಾದರೂ ಮರೆಯಬಹುದು, ಕನಿಕರಪಟ್ಟವನನ್ನು ಹೇಗೆ ಮರೆಯುವುದು?

ಭಾನುವಾರ ತಡೆಯಲಾಗಲಿಲ್ಲ. ಅಂಗಡಿಗೆ ಬೀಗ ಬಿದ್ದಿತ್ತು. ಗೊನೆ ಕಡಿಯಲು ಊರಿಗೆ ಹೋಗಿದ್ದಾನೆ ಎಂದು ಪಕ್ಕದ ಅಂಗಡಿಯ ದತ್ತಪ್ಪ ಹೇಳಿದ. ಅವಳು ಸೀದಾ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು.

ತೋಟದಲ್ಲಿ ಶಿವಲಿಂಗ ತೂಗುಕಾಟಾಕ್ಕೆ ಗೊನೆ ನೇತು ಹಾಕಿ, “ಇಪ್ಪತ್ತು” ಎಂದು ಕೂಗುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಶಂಕ್ರಮ್ಮ ಗೊನೆಗಳಿಗೆ ಎಲೆ ಸುತ್ತುತ್ತಿದ್ದಳು.

“ಮುಳ್ಳು ಇಪ್ಪತ್ತೆರಡರ ಮ್ಯಾಲ ಅದ,” ಅಂದಳು ಸೌಂದರ್ಯಾ, ಹಿಂದಿನಿಂದ. “ಗೊನಿಗೂ ಸುಳ್ಳು ಹೇಳ್ತೀರೇನ್ರಿ?”

ಅವನು ಬೆಚ್ಚಿ ತಿರುಗಿದ. “ಸುಳ್ಳಲ್ರಿ. ಗೊನಿ ನಡುವಿನ ದಿಂಡಿಗಂತ ಎರಡು ಕೆಜಿ ಕಳೀತೀವಿ. ಹಣ್ಣು ಹಿಡಿದಿರೋ ಆ ದಿಂಡು ಯಾರೂ ತಿನ್ನಂಗಿಲ್ಲಲ್ಲ. ಸಣ್ಣವಿದ್ದಾಗಿಂದ ಬಾಯಿಗೆ ಕಳೆದ ತೂಕನೇ ಬರ್ತದ...”

ಮಾತು ಅಲ್ಲಿಗೇ ನಿಂತಿತು. ಅವನ ಕೈ ಹಣೆಗೆ ಹೋಯಿತು.

“ಶಿವನೇ... ನಿಮಗೂ ದಿಂಡು ಕಳೆದೀನೇನ್ರಿ?”

“ಹುಡುಗಿನ್ನ ಗೊನಿ ಹಂಗ ತೂಗೀಯೇನೋ, ಖೋಡಿ?” ಎಂದು ಶಂಕ್ರಮ್ಮ ಮಗನನ್ನು ಬೈದು, ಬಂದವಳಿಗೆ ನೀರು ತರಲು ಎದ್ದು ಹೋದಳು.

ಸೌಂದರ್ಯಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಮೊದಲ ದಿನದಿಂದಲೂ ಅವನು ಎರಡು ಕಮ್ಮಿಯೇ ಹೇಳಿದ್ದಾನೆ. ಹಾಗಾದರೆ ಇಳಿಸಿದ ಹನ್ನೆರಡು ಕೆಜಿ ಖರೇ. ಕನಿಕರವೂ ಇಲ್ಲ, ಏನೂ ಇಲ್ಲ!

ಆದರೆ ಎಪ್ಪತ್ತು ಇನ್ನೂ ಆಗಿಲ್ಲ. ತಾನೇ ಹಾಕಿಕೊಂಡ ನಿಯಮದ ಪ್ರಕಾರ ಈಗ ಬಾಯಿ ಮುಚ್ಚಿಕೊಂಡು ವಾಪಸು ಹೋಗಬೇಕು. ಅವಳು ಬಸ್ಸು ನಿಲ್ಲುವ ರಸ್ತೆಯ ಕಡೆ ನೋಡಿದಳು. ಮನಸ್ಸಿನ ಮಾತು ಹೇಳಲು ಕಾಟಾದ ಅಪ್ಪಣೆ ಇನ್ನೆಷ್ಟು ದಿನ ಕಾಯುವುದು?

ನೆರಳಲ್ಲಿ ಮಾಗಿದ ಗೊನೆಯೊಂದಿತ್ತು. ಒಂದು ಹಣ್ಣು ಕಿತ್ತು ಸುಲಿದಳು.

“ಇನ್ನಾ ಎರಡು ಕೆಜಿ ಉಳದದಲ್ರಿ,” ಅಂದ ಅವನು ಮೆಲ್ಲಗೆ.

“ಉಳೀಲಿ. ಇಳಿಸಿದ್ರಾತು. ಇನಾಮು ಮಾತ್ರ ನನಗ ಇವತ್ತೇ ಬೇಕು.” ಅವಳು ಅರ್ಧ ಹಣ್ಣು ತಿಂದಳು. “ನಿಮ್ಮ ಮುಂದ ಹೇಳೋದೇ ನನ್ನ ಇನಾಮು. ನೀವಂದ್ರ ನನಗ ಜೀವ.”

ಅವನು ಕಾಟಾದಿಂದ ಗೊನೆ ಇಳಿಸಿಟ್ಟ.

“ಎಪ್ಪತ್ತು ಅಂದಾಗ ನನಗ ಸಂಕಟ ಆತ್ರಿ,” ಅಂದ. “ಇನ್ನ ತೂಗಿಸಾಕ ಬರಂಗಿಲ್ಲ ಇವರು, ಅಂತ.”

ಅವಳ ಕಣ್ಣು ತುಂಬಿತು. ಉಳಿದರ್ಧ ಹಣ್ಣನ್ನು ಅವನ ಕೈಗಿಟ್ಟಳು.

“ಬರ್ತೀನಿ. ಆದ್ರ ಇನ್ನ ಮ್ಯಾಲ ದಿಂಡು ಕಳೀಬ್ಯಾಡ್ರಿ.”

“ಇಲ್ರಿ,” ಅಂದ ಶಿವಲಿಂಗ. “ನಿಮ್ಮೊಳಗ ಕಳೆಯೋದು ಏನದ?”